ನಡೆಯುವ ಯಂತ್ರದ ಪಕ್ಕದ ಹಸಿರು ಟವೆಲ್ಲಿಗೆ

ಮಾನ್ಯರೇ,

ನಮ್ಮ ಜಿಮ್ಮಿನಲ್ಲಿ ನಡೆಯುವ ಯಂತ್ರದ ಬಲಗಡೆಯ ಮೊಳೆಯನ್ನು ಅಲಂಕರಿಸಿ, ಬಂದವರ, ಹೋದವರ, ಕೂತೆದ್ದವರ ಬೆವರನ್ನೆಲ್ಲ ಭೇದಭಾವವಿಲ್ಲದೆ ಸ್ವೀಕರಿಸಿ, ಅಷ್ಟೇ ಭೇದಭಾವವಿಲ್ಲದೆ ಮುಂದಿನವರಿಗೆ ಹಂಚುತ್ತಿದ್ದ ತಮಗೆ, ಅರವತ್ತೇಳು ವರ್ಷದ, ಹೆಂಡತಿಯನ್ನು ಕಳೆದುಕೊಂಡ, ಮೊನ್ನೆಮೊನ್ನೆಯವರೆಗೂ ಕಂಕುಳಿಗೆ ಮುಲಾಮು ಹಚ್ಚಿಕೊಂಡು ರೆಕ್ಕೆ ಬಿಚ್ಚಿದ ಕೋಳಿಯಂತೆ ತಿರುಗುತ್ತಿದ್ದ ಒಬ್ಬ ನಿವೃತ್ತ ಬಟ್ಟೆ ಅಂಗಡಿ ನೌಕರನ ಅನಂತ ನಮಸ್ಕಾರಗಳು. ದೂರಿನ ಪತ್ರ ಹೇಗೆ ಬರೆಯಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ವರ್ಷ ಕಲಿಸಿದ್ದರು. ಅದರಲ್ಲಿ ಈಗ ಉಳಿದಿರುವುದು ‘ಐ ಬೆಗ್ ಟು ಸ್ಟೇಟ್ ದಟ್’ ಎಂಬಷ್ಟೇ; ಅದರ ಮುಂದೆ ಏನು ಬರಬೇಕೆಂಬುದು ನೆನಪಿಲ್ಲವಾದ್ದರಿಂದ, ಬೇಡಿಕೊಳ್ಳುವುದನ್ನು ಆ ಭಾಷೆಯಲ್ಲೇ ಮುಗಿಸಿ, ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ತಾವು ಬೇಸರಿಸದೆ ಕೇಳಬೇಕು. ಈಗಂತೂ ತಮಗೆ ಬಿಡುವಿದೆ.

ಈ ವಯಸ್ಸಿನಲ್ಲಿ ಇವನಿಗೇಕೆ ಜಿಮ್ಮು ಎಂದು ತಾವು ಮೊದಲ ದಿನವೇ ಅಂದುಕೊಂಡಿರಬಹುದು. ನನ್ನ ಮಗಳು, ಅಳಿಯ ನಮ್ಮ ಮನೆಯ ಮೇಲಿನ ಮಹಡಿಯಲ್ಲಿದ್ದಾರೆ. ನಡುವೆ ಹದಿನೆಂಟು ಮೆಟ್ಟಿಲು. ಮಗಳು ಐದು ತಿಂಗಳ ಬಸುರಿಯಾಗಿದ್ದಾಗ ನಾನೊಂದು ದಿನ ನೀರಿನ ಕ್ಯಾನ್ ಹೊತ್ತು ಹತ್ತಿ, ಬಾಗಿಲಲ್ಲಿ ನಿಂತು ತಿದಿಯಂತೆ ಉಸಿರು ಬಿಡುತ್ತಿದ್ದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಅಪ್ಪಾ, ಒಂದು ಕ್ಯಾನ್ ತಂದ್ರೇನೇ ಹೀಗಾದ್ರೆ, ನಾಳೆ ಇದನ್ನ ನಿನ್ನ ಕೈಗೆ ಯಾವ ಧೈರ್ಯದ ಮೇಲೆ ಕೊಡ್ಲಿ?” ಎಂದಳು. ಮಾರನೆಯ ಬೆಳಿಗ್ಗೆ ನಾನು ಸೈಕಲ್ ಅಂಗಡಿಯ ಮೇಲಿನ ತಮ್ಮ ಸಂಸ್ಥಾನಕ್ಕೆ ಬಂದು ಸದಸ್ಯನಾದೆ. ಮೊಮ್ಮಗುವನ್ನು ಎತ್ತಿಕೊಂಡು ಹದಿನೆಂಟು ಮೆಟ್ಟಿಲು ಇಳಿಯಬೇಕು, ಅಷ್ಟೇ ನನ್ನ ಗುರಿ. ಮೈ ತೋರಿಸಿಕೊಂಡು ಫೋಟೋ ಹಿಡಿಸಿಕೊಳ್ಳುವ ಆಸೆ ನನಗೆ ಇಪ್ಪತ್ತರಲ್ಲೂ ಇರಲಿಲ್ಲ. ಆಗ ತೋರಿಸಲು ಮೈಯೂ ಇರಲಿಲ್ಲ.

ಸೇರಿದ ಕೂಡಲೇ ಕೋಚ್ ಸಾಹೇಬರು ನನಗೊಂದು ಬಿಗಿಯಾದ ನೈಲಾನ್ ಟೀಶರ್ಟು ತೊಡಿಸಿದರು. ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತು ಬಟ್ಟೆ ಬಿಚ್ಚಿ ತೋರಿಸಿದವನು ನಾನು, ಕಣ್ಣು ಮುಚ್ಚಿ ಮುಟ್ಟಿದರೂ ಹತ್ತಿ ಎಷ್ಟು, ಕಲಬೆರಕೆ ಎಷ್ಟು ಎಂದು ಹೇಳುತ್ತಿದ್ದವನು. “ಇದು ಬೆವರು ಕುಡಿಯೋದಿಲ್ಲ ಸ್ವಾಮಿ, ಮೈಗೆ ಅಂಟ್ಕೊಂಡು ಉಜ್ಜತ್ತೆ” ಎಂದೆ. ಅವರು ನನ್ನ ಬೆನ್ನು ತಟ್ಟಿ, “ಉಜ್ಜಲಿ ಬಿಡಿ ಸರ್, ಸ್ಕಿನ್ನಿಗೆ ಗ್ಲೋ ಬರತ್ತೆ” ಎಂದರು. ಗ್ಲೋ ಬಂತು. ಮೊದಲು ಕತ್ತಿಗೆ, ಆಮೇಲೆ ತೊಡೆಯ ಸಂದಿಗೆ. ಬೆವರುಸಾಲೆಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆಂದು ನನಗೆ ಮುಂಚೆ ತಿಳಿದಿರಲಿಲ್ಲ.

ಇನ್ನು ನಮ್ಮಿಬ್ಬರ ಪರಿಚಯದ ವಿಷಯ. ಯಂತ್ರದಿಂದ ಇಳಿದಾಗ ಕಣ್ಣಿಗೆ ಬೆವರು ಇಳಿಯುತ್ತಿತ್ತು. ಬಲಗಡೆ ನೋಡಿದರೆ ಮೊಳೆ, ಮೊಳೆಯ ಮೇಲೆ ನೀಟಾಗಿ ಎರಡು ಮಡಿಕೆ ಮಾಡಿದ ತಾವು. ನಾನು ಹಿಂದೆಮುಂದೆ ಯೋಚಿಸಲಿಲ್ಲ. ಮೂವತ್ತಾರು ವರ್ಷ ನನ್ನ ಹೆಂಡತಿ ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ಹೀಗೆಯೇ ಎರಡು ಮಡಿಕೆ ಮಾಡಿದ ಟವೆಲ್ ಹಾಕಿಡುತ್ತಿದ್ದಳು. ಕೈ ಚಾಚಿದರೆ ಸಿಗಬೇಕು, ಇದು ನನ್ನ ಸಂಸಾರದ ಏಕೈಕ ನಿಯಮವಾಗಿತ್ತು. ಅದು ಯಾವಾಗ ಒಗೆಯಲ್ಪಟ್ಟಿತು, ಯಾರು ಒಣಗಿಸಿದರು, ಯಾರು ಮಡಚಿದರು ಎಂದು ಆ ಮೂವತ್ತಾರು ವರ್ಷದಲ್ಲಿ ಒಂದು ದಿನವೂ ಕೇಳಿದವನಲ್ಲ. ಅವಳು ಹೋದ ಮೇಲೆ ಎರಡು ವರ್ಷ ಆ ಮೊಳೆ ಬರಿದಾಗಿತ್ತು, ನಾನು ಒದ್ದೆ ಮೈಗೇ ಅಂಗಿ ಹಾಕಿಕೊಳ್ಳುತ್ತಿದ್ದೆ. ಆದ್ದರಿಂದ ತಮ್ಮನ್ನು ಕಂಡಾಗ, ಲೋಕದಲ್ಲಿ ಇನ್ನೂ ಮರ್ಯಾದೆ ಉಳಿದಿದೆ, ಹಿರಿಯರಿಗೆಂದು ಟವೆಲ್ ಇಟ್ಟಿದ್ದಾರೆ ಎಂದುಕೊಂಡು ಮುಖ, ಕತ್ತು, ಕಂಕುಳು ಎಲ್ಲ ಸಾವಧಾನವಾಗಿ ಒರೆಸಿಕೊಂಡು, ತಮ್ಮನ್ನು ಮತ್ತೆ ಮಡಚಿ ಮೊಳೆಗೆ ಹಾಕಿದೆ. ಹೀಗೆ ನಾಲ್ಕು ತಿಂಗಳು. ತಾವು ಯಂತ್ರಗಳ ಹಿಡಿಕೆ ಒರೆಸಲು, ಮಲಗುವ ಬೆಂಚುಗಳ ರೆಕ್ಸಿನ್ ಒರೆಸಲು, ಒಮ್ಮೊಮ್ಮೆ ನೆಲಕ್ಕೆ ಚೆಲ್ಲಿದ ನೀರು ಒರೆಸಲು ನೇಮಕಗೊಂಡವರು ಎಂಬುದನ್ನು ತಾವೂ ಹೇಳಲಿಲ್ಲ, ಬೇರೆ ಯಾರೂ ಹೇಳಲಿಲ್ಲ.

ಮೊಮ್ಮಗಳು ಹುಟ್ಟಿದಳು. ಅಷ್ಟು ಹೊತ್ತಿಗೆ ನಾನು ಕೈಗೊಂದರಂತೆ ಐದೈದು ಕಿಲೋ ಎತ್ತಿ ಇಳಿಸುವಷ್ಟಾಗಿದ್ದೆ. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಹದಿನೆಂಟು ಮೆಟ್ಟಿಲನ್ನೂ ಏದುಸಿರಿಲ್ಲದೆ ಹತ್ತಿ, ತೋಳು ಮಡಚಿ, ಕೈ ಚಾಚಿದೆ. ಮಗಳು ನನ್ನ ತೋಳು ನೋಡಿದಳು. ಅಲ್ಲೊಂದು, ಇಲ್ಲೊಂದು ದುಂಡನೆಯ ಕಲೆ, ಒಡಲು ಮಾಸಲು, ಸುತ್ತಲೂ ಕೆಂಪು ಅಂಚು, ಅಂಗಡಿಯಲ್ಲಾದರೆ ಬಾರ್ಡರ್ ಚೆನ್ನಾಗಿದೆ ಎಂದು ಹೊಗಳಿ ಮಾರಬಹುದಾದಂಥದ್ದು. “ಅಪ್ಪಾ, ಅಲ್ಲೇ ನಿಂತ್ಕೊಂಡು ನೋಡು. ಮುಟ್ಬೇಡ” ಎಂದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದೆ. ಅಂದಿನಿಂದ ಆರು ವಾರ ನನ್ನ ಜಾಗ ಅದೇ.

ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, ಹುಳಕಡ್ಡಿ ಎಂದು ಕಡ್ಡಿ ಮುರಿದಂತೆ ಹೇಳಿದರು. ಆಮೇಲೆ ವಿಚಾರಣೆ. ವ್ಯಾಯಾಮ ಮುಗಿದ ಕೂಡಲೇ ಸ್ನಾನ ಮಾಡುತ್ತೀರಾ? ಇಲ್ಲ, ಬೆವರಿದ ಅಂಗಿಯಲ್ಲೇ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಕೂತು ಹರಟುತ್ತೇನೆ. ಅಂಗಿ ದಿನವೂ ಒಗೆಯುತ್ತೀರಾ? ಬೆವರು ನನ್ನದೇ ತಾನೇ ಎಂದು ಮೂರು ದಿನಕ್ಕೊಮ್ಮೆ ಲಾಂಡ್ರಿಗೆ ಕೊಡುತ್ತೇನೆ. ಬೆರಳ ಸಂದಿ, ಕಂಕುಳು ಒಣಗಿಸುತ್ತೀರಾ? ಒಣಗಿಸುತ್ತೇನೆ, ತಪ್ಪದೆ ಟವೆಲ್ಲಿನಲ್ಲಿ. ಅವರು ಪೆನ್ನು ಕೆಳಗಿಟ್ಟು, “ಯಾರ ಟವೆಲ್ಲು ಯಜಮಾನ್ರೇ?” ಎಂದು ಕೇಳಿದರು. ಎಷ್ಟು ಸಣ್ಣ ಪ್ರಶ್ನೆ. ಇಷ್ಟು ವರ್ಷ ಬಟ್ಟೆ ಮಾರಿದವನಿಗೆ ಅದೊಂದು ಹೊಳೆದಿರಲಿಲ್ಲ.

ಮಾರನೆಯ ದಿನ ಜಿಮ್ಮಿಗೆ ಬಂದು, ನನ್ನ ಪಕ್ಕದ ಯಂತ್ರದಲ್ಲಿ ನಡೆಯುವ ಕ್ಷೌರದಂಗಡಿಯವರಿಗೆ ವಿಷಯ ಹೇಳಿದೆ. ಅವರು ನಾಲ್ಕು ತಿಂಗಳಿಂದಲೂ ತಮ್ಮ ಚೀಲದಲ್ಲಿ ತಮ್ಮದೇ ಬಿಳಿ ಟವೆಲ್ ತರುತ್ತಿದ್ದವರು. “ನಾನು ದಿನಾ ನೋಡ್ತಾನೇ ಇದ್ದೆ ಸರ್, ಹಿರಿಯರಿಗೆ ಹೆಂಗೆ ಹೇಳೋದು ಅಂತ ಸುಮ್ನಿದ್ದೆ” ಎಂದರು. ಹಿಂದಿನ ಬೆಂಚಿನ ಬಸ್ ಡ್ರೈವರೂ ನೋಡಿದ್ದರಂತೆ, ಗಣಿತದ ಟೀಚರಮ್ಮನೂ ನೋಡಿದ್ದರಂತೆ, ಕೋಚ್ ಸಾಹೇಬರಂತೂ ಮೊದಲ ವಾರವೇ ನೋಡಿದ್ದರಂತೆ. ಇಡೀ ಜಿಮ್ಮು ನನ್ನ ವಯಸ್ಸಿಗೆ ಗೌರವ ಕೊಟ್ಟು ಬಾಯಿ ಮುಚ್ಚಿಕೊಂಡಿತ್ತು. ಗೌರವದಿಂದ ಹುಳಕಡ್ಡಿ ಬರುತ್ತದೆಂದು ಯಾವ ವೈದ್ಯರೂ ಬರೆದಿಲ್ಲ, ಬರೆಯಬೇಕು.

ಮ್ಯಾನೇಜರರ ಬಳಿಗೂ ಹೋದೆ. “ಟವೆಲ್ಲನ್ನು ಆಗಾಗ ಒಗೆಯಲಾಗುತ್ತದೆ ಸರ್” ಎಂದರು. ಯಾರು ಒಗೆಯುತ್ತಾರೆ ಎಂದೆ. “ಒಗೆಯಲಾಗುತ್ತದೆ” ಎಂದರು. ಪ್ಯಾಸಿವ್ ವಾಯ್ಸಿನಲ್ಲಿ ಕೆಲಸ ಮಾಡುವವನು ಬೇಕೇಬೇಕೆಂದಿಲ್ಲ ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು, ಇವರು ಆಡಳಿತ ನಡೆಸಿ ತೋರಿಸಿದ್ದಾರೆ. ನಕ್ಕುಬಿಡಬಹುದಿತ್ತು. ಆದರೆ ಮನೆಯಲ್ಲಿ ನಾನೂ ಮೂವತ್ತಾರು ವರ್ಷ ಅದೇ ವಾಯ್ಸಿನಲ್ಲಿ ಬದುಕಿದ್ದು ನೆನಪಾಗಿ, ನಗದೆ ಎದ್ದು ಹೊರಬಂದೆ.

ಮಾನ್ಯರೇ, ತಮ್ಮ ಸೇವೆಯನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಡ್ರೈವರರ ಬೆನ್ನನ್ನೂ ಟೀಚರಮ್ಮನ ಅಂಗೈಯನ್ನೂ ನನ್ನ ಕಂಕುಳನ್ನೂ ಒಂದೇ ಸಂಸಾರ ಮಾಡಿದವರು ತಾವು. ಒರೆಸಬೇಕಾದವರೇ ಬಳಿದಿದ್ದು ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ನಿಜ, ಆದರೆ ಅಷ್ಟು ಶ್ರದ್ಧೆಯಿಂದ ಮೇಯ್ದ ಬೇಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮ್ಮಲ್ಲಿ ನನ್ನ ಕೋರಿಕೆಗಳು ಹೆಚ್ಚಿಲ್ಲ. ಕಳೆದ ವರ್ಷ ತಾವು ಯಾರ ಯಾರ ಯಾವ ಯಾವ ಭಾಗವನ್ನು ಮುಟ್ಟಿದಿರಿ ಎಂಬ ಪಟ್ಟಿಯೊಂದನ್ನು ಸಹಿ ಮಾಡಿ ಕಳುಹಿಸಬೇಕು. ಮೊಮ್ಮಗಳಿಗೆ ತಿಳಿವಳಿಕೆ ಬಂದಾಗ, ಹುಟ್ಟಿದ ಮೊದಲ ಆರು ವಾರ ತಾತ ಬಾಗಿಲಲ್ಲೇ ನಿಂತಿದ್ದು ಪ್ರೀತಿ ಸಾಲದೆ ಅಲ್ಲ ಎಂದು ತಾವೇ ಖುದ್ದಾಗಿ ಬಂದು ಸಾಕ್ಷಿ ಹೇಳಬೇಕು. ಮತ್ತು ಸಾಧ್ಯವಾದರೆ, ಆ ಆರು ವಾರವನ್ನು ಹಿಂಡಿ, ಒಣಗಿಸಿ, ಮಡಚಿ ವಾಪಸು ಕೊಡಬೇಕು.

ಅಂದು ಮ್ಯಾನೇಜರರ ಕೋಣೆಯಿಂದ ಹೊರಬಂದವನು ತಮ್ಮನ್ನು ಮೊಳೆಯಿಂದ ಇಳಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎಲ್ಲರ ಕಣ್ಣೆದುರಿಗೇ ಮನೆಗೆ ಕರೆದುಕೊಂಡು ಹೋದದ್ದು ತಮಗೆ ನೆನಪಿರಬಹುದು. ಹಿರಿಯರಿಗೆ ಹೇಗೆ ಹೇಳುವುದೆಂದು ಆಗಲೂ ಎಲ್ಲರೂ ಸುಮ್ಮನಿದ್ದರು. ಹಳೆಯ ಪಾತ್ರೆಯಲ್ಲಿ ಸೋಪಿನ ಪುಡಿ ಹಾಕಿ ಒಂದು ಗಂಟೆ ಕುದಿಸಿದೆ. ಮೂರನೆಯ ನೀರು ತಿಳಿಯಾದಾಗ ಗೊತ್ತಾಯಿತು, ತಾವು ಹಸಿರಲ್ಲ, ನೀಲಿ. ಅಪ್ಪಟ ಹತ್ತಿ, ಒಳ್ಳೆಯ ನೇಯ್ಗೆ. ಕೈಯಾರೆ ಒಂದು ಬಟ್ಟೆ ಒಗೆದು ಬಿಸಿಲಿಗೆ ಹರವಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಕೈ ಬೊಬ್ಬೆಯೆದ್ದಿತು. ಇದನ್ನು ಯಾರಿಗೆ ಹೇಳಬೇಕಿತ್ತೋ ಅವಳಿಲ್ಲ.

ಅಂದಿನಿಂದ ಡಾಕ್ಟರಮ್ಮ ಹೇಳಿದಂತೆ ನಡೆದೆ. ಸಡಿಲವಾದ ಹತ್ತಿ ಅಂಗಿ, ವ್ಯಾಯಾಮ ಮುಗಿದ ಕೂಡಲೇ ಸ್ನಾನ, ಸಂದಿಗೊಂದಿಯೆಲ್ಲ ಒಣಗಿದ ಮೇಲೆಯೇ ಬಟ್ಟೆ, ಬೆವರಿದ್ದನ್ನು ಅಂದೇ ಒಗೆಯುವುದು. ನಿನ್ನೆ ಅವರು ಭೂತಗನ್ನಡಿ ಪಕ್ಕಕ್ಕಿಟ್ಟು, ಹೋಗಿ ಮಗು ಎತ್ತಿಕೊಳ್ಳಿ ಎಂದರು. ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತೆ, ಅಭ್ಯಾಸ. “ಒಳಗೆ ಬಾ ಅಪ್ಪಾ” ಎಂದಳು ಮಗಳು. ನಾಲ್ಕೂವರೆ ಕಿಲೋ. ನನ್ನ ಡಂಬೆಲ್ಲಿಗಿಂತ ಹಗುರ, ಆದರೂ ಎರಡೂ ಕೈಯಲ್ಲಿ ಹಿಡಿದೆ. ಹದಿನೆಂಟು ಮೆಟ್ಟಿಲನ್ನೂ ಎಣಿಸುತ್ತ ಇಳಿದು ನಮ್ಮ ಮನೆಯೊಳಗೆ ಕರೆತಂದೆ. ಮೊಮ್ಮಗಳು ನನ್ನ ಮುಖವನ್ನು ಸಾವಕಾಶವಾಗಿ ನೋಡಿ, ಅಂಗಿಯ ಮೇಲೆ ಬೆಚ್ಚಗೆ ಉಚ್ಚೆ ಮಾಡಿದಳು. ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ಕೈ ಚಾಚಿದೆ. ಎರಡು ಮಡಿಕೆಯ ನನ್ನದೇ ಟವೆಲ್ ಸಿಕ್ಕಿತು. ಬೆಳಿಗ್ಗೆ ನಾನೇ ಹಾಕಿಟ್ಟದ್ದು.

ಇಂತಿ, ಇನ್ನು ಮುಂದೆ ತಮ್ಮನ್ನು ದೂರದಿಂದಲೇ ಗೌರವಿಸಲಿರುವ
ತಮ್ಮ ವಿಶ್ವಾಸಿ,
ನಡೆಯುವ ಯಂತ್ರದ ತಾತ

ತಾ.ಕ.: ಜಿಮ್ಮಿನ ಬಾಗಿಲಿಗೆ ಮ್ಯಾನೇಜರರು, ‘ಸಂಸ್ಥೆಯ ಹಸಿರು ಟವೆಲ್ಲನ್ನು ಕೊಂಡೊಯ್ದವರು ಅದನ್ನು ಇದ್ದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು’ ಎಂದು ಚೀಟಿ ಅಂಟಿಸಿದ್ದಾರೆ. ತಮ್ಮನ್ನು ನಾಳೆಯೇ ಕಳುಹಿಸಿಕೊಡುತ್ತೇನೆ. ಆದರೆ ಇದ್ದ ಸ್ಥಿತಿಗೆ ತರುವುದು ನನ್ನೊಬ್ಬನಿಂದಾಗದ ಕೆಲಸ. ಅದಕ್ಕೆ ನಲವತ್ತು ಸದಸ್ಯರು, ಒಬ್ಬ ಕೋಚು ಮತ್ತು ಅದೇ ಮ್ಯಾನೇಜರರು ಒಟ್ಟಾಗಿ ವರ್ಷವಿಡೀ ಬೆವರು ಸುರಿಸಬೇಕಾಗುತ್ತದೆ.