ಬಾಡು, ಸುಡು: ಇವೆರಡರ ನಡುವೆ ಅಲ್ಪವಿರಾಮ ಕೋರಿ

ಇಂದ,
ಎಂ. ವೆಂಕಟೇಶಮೂರ್ತಿ,
ನಿವೃತ್ತ ಇಂಗ್ಲಿಷ್ ಶಿಕ್ಷಕ,
ಮಳವಳ್ಳಿ, ಮಂಡ್ಯ ಜಿಲ್ಲೆ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪದಾರ್ಥ ವಿಂಗಡಣಾ ಶಾಖೆ,
ಇಂಗ್ಲಿಷ್ ಭಾಷೆಯ ಕೇಂದ್ರ ಕಚೇರಿ,
ಇಂಗ್ಲೆಂಡ್ (ಬೀದಿ ತಿಳಿದಿಲ್ಲ).

ಸೂಕ್ತ ಮಾರ್ಗದ ಮೂಲಕ: ಶ್ರೀಮತಿ ಕನಕಲಕ್ಷ್ಮಿ, ಅರ್ಜಿದಾರನ ಧರ್ಮಪತ್ನಿ.

ವಿಷಯ: ತಮ್ಮ ‘ಸಿಯರ್’ (sear) ಎಂಬ ಪದದ ಅರ್ಥಗಳ ನಡುವೆ ಅಲ್ಪವಿರಾಮವನ್ನು ಖಾಯಂಗೊಳಿಸಿ, ತನ್ಮೂಲಕ ಅರ್ಜಿದಾರನ ಷಷ್ಟ್ಯಬ್ದಿಗೆ ಭಾವಮೈದುನನು ಬರುವಂತೆ ಮಾಡಿಕೊಡುವ ಬಗ್ಗೆ.

ಉಲ್ಲೇಖ: ೧. ಅರ್ಜಿದಾರನು ಕಪ್ಪುಹಲಗೆಯ ಮೇಲೆ ಬರೆದದ್ದು (ಅಳಿಸಲಾಗಿದೆ).
೨. ಹಲಗೂರು ಬಸ್ ಸ್ಟ್ಯಾಂಡ್ ಎದುರಿನ ಬೋರ್ಡು (ಅಳಿಸಲಾಗಿಲ್ಲ).
೩. ಭಾವಮೈದುನನ ಫೋನು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಭಾಷೆಯನ್ನು ಹಲಗೂರು ಹೋಬಳಿಯ ಮಕ್ಕಳಿಗೆ ಸರ್ವೀಸು ಮುಗಿಯುವವರೆಗೂ ಹಂಚಿ, ತಮ್ಮಿಂದ ಒಂದು ಥ್ಯಾಂಕ್ಸನ್ನೂ ಕೇಳದೆ ನಿವೃತ್ತನಾದ ನಾನು, ಈಗ ಮೊದಲ ಬಾರಿಗೆ ತಮ್ಮ ಬಾಗಿಲಿಗೆ ಬಂದಿರುತ್ತೇನೆ. ಕಾರಣಗಳು ಈ ಕೆಳಗಿನಂತಿವೆ.

೧. ಸದರಿ ‘ಸಿಯರ್’ ಪದವು ತಮ್ಮಲ್ಲಿ ಬಹಳ ಹಿಂದೆ ಒಣಗು, ಬಾಡು ಎಂಬ ಅರ್ಥದಲ್ಲಿ ಕೆಲಸಕ್ಕೆ ಸೇರಿ, ತರುವಾಯ ಸುಡು ಎಂಬ ಹುದ್ದೆಗೆ ಬಡ್ತಿ ಪಡೆದು, ಬರೆ ಹಾಕುವುದನ್ನೂ ಹೆಚ್ಚುವರಿ ಪ್ರಭಾರದಲ್ಲಿ ನೋಡಿಕೊಂಡಿರುತ್ತದೆ. ಇದನ್ನು ಮಕ್ಕಳ ತಲೆಗೆ ಹತ್ತಿಸಲು ನಾನು, “ಅನ್ನ ಸೀದುಹೋಯ್ತು ಅಂತೀವಲ್ಲ, ಆ ಸೀ ನೆನಪಿಟ್ಕೊಳ್ಳಿ, ಸಿಯರ್ ಮರೆಯಲ್ಲ” ಎಂದು ಹೇಳಿ, ಹಲಗೆಯ ಮೇಲೆ ‘ಬಾಡು, ಸುಡು’ ಎಂದು ಬರೆದೆ. ನಡುವೆ ಅಲ್ಪವಿರಾಮ ಹಾಕಿದ್ದೆ. ಚಾಕ್‌ಪೀಸು ಮೊಂಡಾಗಿತ್ತು.

೨. ನಮ್ಮ ಜಿಲ್ಲೆಯಲ್ಲಿ ಹೂವು ಬಾಡುತ್ತದೆ, ಮುಖವೂ ಬಾಡುತ್ತದೆ. ಆದರೆ ‘ಬಾಡು’ ಎಂದು ಒಂಟಿಯಾಗಿ ಬರೆದರೆ ಯಾರಿಗೂ ಹೂವು ನೆನಪಾಗುವುದಿಲ್ಲ, ಮಾಂಸದೂಟ ನೆನಪಾಗುತ್ತದೆ. ಕೊನೇ ಬೆಂಚಿನ ನಾಗರಾಜು ಎಂಬ ವಿದ್ಯಾರ್ಥಿಯು ಎದ್ದುನಿಂತು, “ಸಾ, ಇಂಗ್ಲೀಸ್ನೋರೂ ಬಾಡು ಸುಟ್ಕೊಂಡ್ ತಿಂತಾರಾ ಸಾ?” ಎಂದು ಕೇಳಿದನು. ಬೆಲ್ಲು ಹೊಡೆಯುವ ಹೊತ್ತಾದ ಕಾರಣ ನಾನು “ತಿಂತಾರೆ, ಕೂತ್ಕೊಳ್ಳೋ” ಎಂದೆ. ಮುಂದಿನದೆಲ್ಲ ಈ ‘ತಿಂತಾರೆ’ಯ ಫಲ.

೩. ಸದರಿ ನಾಗರಾಜು ಈ ವರ್ಷ ಹಲಗೂರಿನಲ್ಲಿ ಹೋಟೆಲು ತೆರೆದಿದ್ದು, ಅದರ ಬೋರ್ಡಿನ ಒಕ್ಕಣೆ ಹೀಗಿದೆ: “ಸಿಯರ್ ಬಾಡೂಟ. ಸಿಯರ್ ಅಂದರೆ ಬಾಡು ಸುಡು. ಅರ್ಥ ಹೇಳಿಕೊಟ್ಟವರು ಪೂಜ್ಯ ಗುರುಗಳಾದ ಶ್ರೀ ಎಂ. ವೆಂಕಟೇಶಮುರ್ತಿ.” ನನ್ನ ಹೆಸರಿನ ಎಡಕ್ಕೆ ಟಗರು, ಬಲಕ್ಕೆ ನಾಟಿಕೋಳಿ. ನಾನು ಒಂದು ಮೊಟ್ಟೆಯನ್ನೂ ಒಡೆದವನಲ್ಲ.

೪. ನನ್ನ ಭಾವಮೈದುನ ಕೃಷ್ಣಪ್ರಸಾದನು ಮದ್ದೂರಿನಲ್ಲಿ ಪೌರೋಹಿತ್ಯ ಮಾಡುತ್ತಿದ್ದು, ಮುತ್ತತ್ತಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಇದನ್ನು ಓದಿ ತನ್ನ ಅಕ್ಕನಿಗೆ ಫೋನು ಮಾಡಿರುತ್ತಾನೆ. “ಅಕ್ಕಾ, ಭಾವನ ಹೆಸರು ಕುರಿ ಪಕ್ಕದಲ್ಲಿದೆ. ಅದು ಇಳಿಯೋ ತನಕ ನಾನು ನಿಮ್ಮನೆ ಹೊಸಿಲು ತುಳಿಯಲ್ಲ. ಷಷ್ಟ್ಯಬ್ದಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.” ನನ್ನ ಮನೆಯವರಿಗೆ ಇರುವವನು ಅವನೊಬ್ಬನೇ ತಮ್ಮ, ಅವರೇ ಎತ್ತಿ ಆಡಿಸಿದವನು. ಅಂದಿನಿಂದ ಅವರ ಮುಖ ಬಾಡಿದೆ. (ಇಲ್ಲಿ ಬಾಡು ಎಂಬುದನ್ನು ತಮ್ಮ ಮೊದಲನೇ ಅರ್ಥದಲ್ಲಿಯೇ ಓದತಕ್ಕದ್ದು.) ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ಮುಖ ನೋಡಲು ನನ್ನಿಂದ ಆಗುತ್ತಿಲ್ಲ.

೫. ಆ ಕಾರಣ ಬೋರ್ಡು ಇಳಿಸಲೆಂದು ನಾನು ಖುದ್ದು ಹಲಗೂರಿಗೆ ಹೋದೆನು. ನಾಗರಾಜು ಓಡಿ ಬಂದು ಕಾಲಿಗೆ ಬಿದ್ದು, ಹೋಟೆಲಿನ ಹೊರಗೆ ಹೊಂಗೆ ನೆರಳಲ್ಲಿ ಕುರ್ಚಿ ಹಾಕಿಸಿದನು. “ನಮ್ ಪಾತ್ರೇದು ಬ್ಯಾಡ ಸಾ, ನಿಮ್ಗೆ ಆಗಕಿಲ್ಲ ಅಂತ ಗೊತ್ತು” ಎಂದು ಪಕ್ಕದ ಗಾಡಿಯಿಂದ ಎಳನೀರು ತರಿಸಿದನು. ಬಂದ ವಿಷಯ ಹೇಳಿದೆ. ಅವನು ಬೋರ್ಡಿನ ಕಡೆ ತಿರುಗಿದನು.

“ತೆಗೀಬೇಕಾ ಸಾ? ತೆಗೀತೀನಿ ಬುಡಿ, ಅದ್ಕೇನಂತೆ. ನಂಗೆ ನೆಪ್ಪಿರೋ ಇಂಗ್ಲೀಸು ಅದೊಂದೇಯ. ಯೋಳ್ಕೊಟ್ಟೋರ್ ಎಸ್ರು ಬರಸ್ದಿದ್ರೆ ಕದ್ದಂಗಾಯ್ತದೆ ಅಂತ ಬರ್ಸ್ದೆ.”

ಏಣಿ ತರಿಸಿ ಗೋಡೆಗೆ ಒರಗಿಸಿಯೂ ಬಿಟ್ಟನು. ಆಗ ನಾನು, ಯಾವುದಕ್ಕೂ ಡಿಕ್ಷನರಿಯನ್ನು ಇನ್ನೊಮ್ಮೆ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಏಣಿ ಹಾಗೇ ಇರಲಿ ಎಂದು ಮಳವಳ್ಳಿ ಬಸ್ಸು ಹತ್ತಿದೆ. ಎಳನೀರು ಸಿಹಿಯಾಗಿತ್ತು.

೬. ಮನೆಗೆ ಬಂದು ಹೊಸ ಡಿಕ್ಷನರಿ ತೆಗೆದಾಗ, ತಾವು ಸದರಿ ಪದಕ್ಕೆ ‘ಮಾಂಸವನ್ನು ಜೋರು ಉರಿಯಲ್ಲಿ ಮೇಲ್ಮೈ ಕಂದುವಂತೆ ಸುಡುವುದು’ ಎಂಬ ಅರ್ಥವನ್ನೂ ಕೊಟ್ಟಿರುವುದು ಕಂಡುಬಂತು. ಅಂದರೆ, ಬಾಡು ಸುಡು. ನಾನು ಮೊಂಡು ಚಾಕಿನಲ್ಲಿ ಹಾಕಿದ್ದ ಅಲ್ಪವಿರಾಮವನ್ನು ತಮ್ಮ ಕಚೇರಿಯೇ ನನ್ನ ಗಮನಕ್ಕೆ ತಾರದೆ ತೆಗೆದುಹಾಕಿರುತ್ತದೆ. ನಾಗರಾಜು ತಪ್ಪು ಬರೆಸಿದ್ದರೆ ಧೈರ್ಯವಾಗಿ ಅಳಿಸಬಹುದಿತ್ತು. ಸರಿ ಉತ್ತರಕ್ಕೆ ಕೆಂಪು ಗೆರೆ ಎಳೆದ ಅಭ್ಯಾಸ ನನಗಿಲ್ಲ. ಅದರಲ್ಲೂ ಅವನದು, ನನಗೆ ತಿಳಿದ ಮಟ್ಟಿಗೆ, ಇದೊಂದೇ ಸರಿ ಉತ್ತರ.

ಆದ್ದರಿಂದ ಮಾನ್ಯರು ದಯಮಾಡಿ ಮಾಂಸದ ಅರ್ಥವನ್ನು ಈ ಕೂಡಲೇ ಹಿಂಪಡೆದು, ನಾಗರಾಜುವಿನ ಉತ್ತರವನ್ನು ನ್ಯಾಯವಾಗಿ ತಪ್ಪು ಮಾಡಿಕೊಡಬೇಕು. ಅದು ಆಗದ ಕಾರಣವಿದ್ದಲ್ಲಿ, ಅರ್ಜಿದಾರನಿಗೂ ಟಗರಿಗೂ ಇರುವುದು ಕೇವಲ ವ್ಯಾಕರಣ ಸಂಬಂಧವೆಂದು ಭಾವಮೈದುನನಿಗೆ ದೃಢೀಕರಣ ಪತ್ರ ಕಳಿಸಬೇಕು. ಅದೂ ಆಗದಿದ್ದಲ್ಲಿ, ನನ್ನ ಮನೆಯವರಿಗೆ ನಾನು ಏನು ಹೇಳಬೇಕೆಂಬುದನ್ನಾದರೂ ತಿಳಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ, ತಮ್ಮ ಪದಗಳ ಮಾಜಿ ವಿತರಕ,
ಎಂ. ವೆಂಕಟೇಶಮೂರ್ತಿ

ಅಡಕಗಳು:
೧. ಬೋರ್ಡಿನ ಫೋಟೋ (ಟಗರಿನ ಮುಖಕ್ಕೆ ಬೆರಳು ಅಡ್ಡ ಹಿಡಿದು ತೆಗೆದದ್ದು).
೨. ಬಾಡಿದ ಮಲ್ಲಿಗೆ, ಒಂದು ಮೊಳ, ಮೊದಲನೇ ಅರ್ಥದ ಮಾದರಿ (ತಂದುಕೊಟ್ಟೆ, ಮನೆಯವರು ಮುಡಿಯಲಿಲ್ಲ).
೩. ಫೋನು ಬಂದ ದಿನ ಸೀದುಹೋದ ಹುಳಿಯ ಪಾತ್ರೆ, ಎರಡನೇ ಅರ್ಥದ ಮಾದರಿ (ಭಾರದ ಕಾರಣ ಕಳಿಸಿಲ್ಲ).
೪. ಮೂರನೇ, ಅಂದರೆ ಮಾಂಸದ, ಅರ್ಥದ ಮಾದರಿ ಒದಗಿಸಲು ಅರ್ಜಿದಾರನು ಅಶಕ್ತ.

ಸೂಕ್ತ ಮಾರ್ಗದವರ ಷರಾ:

ಶಿಫಾರಸು ಮಾಡಿಲ್ಲ. ನಿನ್ನೆ ಇವರು ಲೈಬ್ರರಿಗೆ ಹೋದಾಗ ನಾನೇ ಹಲಗೂರಿಗೆ ಹೋಗಿ ಬೋರ್ಡು ನೋಡಿಕೊಂಡು ಬಂದೆ. ಇವರ ಹೆಸರನ್ನು ಇಷ್ಟು ದೊಡ್ಡ ಅಕ್ಷರದಲ್ಲಿ ನಾನು ಎಲ್ಲೂ ನೋಡಿರಲಿಲ್ಲ. ಅಳು ಬಂತು. ಏಣಿ ಒಳಗಿಡಿಸಿದೆ. ಅಕ್ಕನ ಮನೆಗೆ ಬರೋದಕ್ಕೆ ಹೋಟೆಲ್ ಬೋರ್ಡು ಓದಬೇಕಾಗಿಲ್ಲ ಎಂದು ತಮ್ಮನಿಗೆ ಹೇಳಿದ್ದೇನೆ. ಅವನು ಇನ್ನೂ ಹೂಂ ಅಂದಿಲ್ಲ. ನಾಗರಾಜು ಷಷ್ಟ್ಯಬ್ದಿಗೆ ಬರುತ್ತೇನೆಂದು ಒಪ್ಪಿದ್ದಾನೆ. ಬೋರ್ಡಿನಲ್ಲಿ ‘ಮೂರ್ತಿ’ ಹೋಗಿ ‘ಮುರ್ತಿ’ ಆಗಿದೆ. ಅರ್ಜಿದಾರರು ಇಂಗ್ಲೆಂಡಿನ ಗೊಡವೆ ಬಿಟ್ಟು ಮೊದಲು ಆ ದೀರ್ಘ ಹಾಕಿಸತಕ್ಕದ್ದು. ಬರುವಾಗ ಮಲ್ಲಿಗೆ ತರತಕ್ಕದ್ದು.

ಕನಕಲಕ್ಷ್ಮಿ