ಮಾಯಮ್ಮನ ಕೌದಿಯ ಬೆನ್ನು

ಮಾಯಮ್ಮನ ಕೌದಿಯಲ್ಲಿ ಹೊಳೆ ಹರಿಯುತ್ತಿತ್ತು. ಯಶೋದಮ್ಮನ ಕೌದಿಯಲ್ಲಿ ಕೆರೆ ಸುಮ್ಮನೆ ಬಿದ್ದುಕೊಂಡಿತ್ತು. ಯಶೋದಮ್ಮನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿದ್ದಕ್ಕೆ ಇಷ್ಟೇ ಕಾರಣ.

ಇಬ್ಬರೂ ಪಾಂಡವಪುರದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯವರು. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಚಿತ್ರದ ಕೌದಿ ಹೊಲಿಯುವುದನ್ನು ಮಹಿಳಾ ಸಂಘದಲ್ಲಿ ಒಟ್ಟಿಗೇ ಕಲಿತಿದ್ದರು. ಮಾಯಮ್ಮ, ಸೊಸೆ ಮೇಘನಾ ಮೊಬೈಲಿನಲ್ಲಿ ತೆಗೆದುಕೊಂಡು ಬಂದ ಗಂಜಾಂ ಹೊಳೆಯ, ಅದರಲ್ಲಿ ತೇಲುವ ತೆಪ್ಪದ ಫೋಟೋ ನೋಡಿ ಹೊಲಿದಿದ್ದಳು. ಯಶೋದಮ್ಮ ಸ್ಟುಡಿಯೋದವನನ್ನೇ ತೊಣ್ಣೂರು ಕೆರೆಗೆ ಎಳೆದುಕೊಂಡು ಹೋಗಿ ಫೋಟೋ ತೆಗೆಸಿ, ಅದರಲ್ಲಿಲ್ಲದ ನಾಲ್ಕು ಬೆಳ್ಳಕ್ಕಿಗಳನ್ನೂ ಸೇರಿಸಿದ್ದಳು. ಗಂಜಾಮಿನ ಭವನದಲ್ಲಿ ಇವತ್ತು ಸ್ಪರ್ಧೆ. ಗೆದ್ದವಳು ಒಂದು ವರ್ಷ ಸಂಘಕ್ಕೆ ಟೀಚರಮ್ಮ. ಉಳಿದವರು ಅವಳ ಎದುರು ಕೂತು ಕಲಿಯಬೇಕು. ಮಾಯಮ್ಮನ ಎದುರು ಕೂರುವುದಕ್ಕಿಂತ ಕಣ್ಣಿಗೆ ಮೆಣಸಿನಪುಡಿ ಹಾಕಿಕೊಳ್ಳುವುದೇ ವಾಸಿ ಅಂತ ಯಶೋದಮ್ಮ ತೀರ್ಮಾನಿಸಿದ್ದಳು.

ಹೊರಡುವಾಗಲೇ ಗಂಡ ಶಿವಣ್ಣ ಕೌದಿ ಬಿಚ್ಚಿ ನೋಡಿದ. "ಕೋಳಿ ಚೆಂದಾಗ್ ಬಂದವೆ ಕಣಮ್ಮಿ."

"ಅವು ಬೆಳ್ಳಕ್ಕಿ!"

"ಅಂಗಾ? ಅದ್ಕೇ ಬೆಳ್ಳಗವೆ ಬುಡು."

ಭವನದಲ್ಲಿ ಹನ್ನೆರಡು ಕೌದಿಗಳನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದರು. ಸಂಘದ ಅಧ್ಯಕ್ಷೆ ಲಲಿತಮ್ಮ ಮಾಯಮ್ಮನ ಕೌದಿಯ ಮುಂದೆ ನಿಂತವಳು ಸೀರೆಯ ನೆರಿಗೆ ಎತ್ತಿಹಿಡಿದಳು. "ಅಯ್ಯೋ ಮಾಯಕ್ಕ, ಈ ನೀರ್ ನೋಡ್ತಿದ್ರೆ ಕಾಲು ಒದ್ದೆ ಆದಂಗಾಯ್ತದೆ ಕಣಕ್ಕ!"

ಯಶೋದಮ್ಮ ಕೆಮ್ಮಿದಳು. ಲಲಿತಮ್ಮ ತಿರುಗಿ ನೋಡಿ, "ನಿಂದೂ ಚೆಂದಾಗದೆ ಬುಡು ಯಶೋದಕ್ಕ. ಹೊದ್ಕೊಂಡ್ರೆ ಬೆಚ್ಚಗಿರ್ತದೆ" ಎಂದಳು.

ಬೆಚ್ಚಗಿರುತ್ತದಂತೆ! ಎಲ್ಲರೂ ಉಪ್ಪಿಟ್ಟಿಗೆಂದು ಹಿತ್ತಿಲ ಕಡೆ ಹೋದರು. ಯಶೋದಮ್ಮ ಹೋಗಲಿಲ್ಲ. ಸೀದಾ ಹೋಗಿ ಮಾಯಮ್ಮನ ಕೌದಿಯ ಕ್ಲಿಪ್ಪು ಬಿಚ್ಚಿ, ಅದನ್ನು ತಿರುಗಿಸಿ, ಬೆನ್ನು ಮುಂದೆ ಮಾಡಿ ಹಾಕಿದಳು. ಬೆನ್ನಿಗಿದ್ದದ್ದು ಮಾಯಮ್ಮನ ಮಾವನ ಬಿಳಿ ಪಂಚೆ. ಅದರ ತುಂಬ ದಾರದ ಗೀರುಗಳು. ಹೊಳೆಯಿಲ್ಲ, ತೆಪ್ಪವಿಲ್ಲ. 'ಈಗ ಹರೀಲಿ ನೋಡಾನ' ಎಂದುಕೊಂಡು ಕೊನೆಯ ಕ್ಲಿಪ್ಪು ಒತ್ತುವಾಗ ಹಿಂದೆ ಅಡುಗೆಯ ಕುಳ್ಳಮ್ಮ ನಿಂತಿದ್ದಳು.

"ಏನವ್ವಾ ಮಾಡ್ತಿದ್ದೀಯೆ?"

"ದೂಳು... ದೂಳು ಕೊಡವ್ತಾ ಇವ್ನಿ."

"ನಿನ್ ಹೊಟ್ಟೆ ತಣ್ಣಗಿರ್ಲಿ!" ಎಂದ ಕುಳ್ಳಮ್ಮ ಹಿತ್ತಿಲಿಗೆ ಕೇಳುವಂತೆ ಕೂಗಿದಳು: "ಎಲ್ಲಾರ್ದೂ ಯಶೋದವ್ವನೇ ಕೊಡವ್ತಾವ್ಳಂತೆ ಕಣ್ರವ್ವಾ!"

"ನಂದೂ ಒಸಿ ಕೊಡವ್ಬುಡಕ್ಕ!" "ನಂದು ಆ ಮೂಲೇಲದೆ!" ಎಂದು ಉಪ್ಪಿಟ್ಟು ತುಂಬಿದ ಬಾಯಿಗಳು ಕೂಗಿದವು. ಕುಳ್ಳಮ್ಮ ಸೊಂಟಕ್ಕೆ ಕೈಕೊಟ್ಟು ನೋಡುತ್ತಲೇ ನಿಂತಳು. ಬೇರೆ ದಾರಿಯಿಲ್ಲದೆ ಯಶೋದಮ್ಮ ಒಂದೊಂದಾಗಿ ಹತ್ತು ಕೌದಿ ಕೊಡವಿ ಹತ್ತು ಸಲ ಸೀನಿದಳು. ಹನ್ನೊಂದನೆಯದು ಅವಳದೇ. ಹೊಟ್ಟೆಯ ಉರಿಯೆಲ್ಲ ಕೈಗಿಳಿದು ಎಷ್ಟು ಜೋರಾಗಿ ಜಾಡಿಸಿದಳೆಂದರೆ, ಅವಸರದಲ್ಲಿ ಗೋಂದು ಹಾಕಿ ಅಂಟಿಸಿದ್ದ ಬೆಳ್ಳಕ್ಕಿಯೊಂದರ ತಲೆ ಕಳಚಿ ಕೈಗೇ ಬಂತು.

ಅಷ್ಟು ಹೊತ್ತಿಗೆ ತೀರ್ಪುಗಾರರು ಬಂದೇಬಿಟ್ಟರು. ಮೈಸೂರಿನ ಡ್ರಾಯಿಂಗ್ ಮೇಷ್ಟ್ರು ಮಹದೇವಸ್ವಾಮಿ. ನೋಡಿದ್ದಕ್ಕೆಲ್ಲ ಕಣ್ಣು ಕಿರಿದು ಮಾಡುವ ಮನುಷ್ಯ. ಜೊತೆಗೆ ಪೇಪರಿನವನೊಬ್ಬ. ಅವರ ಹಿಂದೆಯೇ ಹೆಂಗಸರೆಲ್ಲ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

"ಅಯ್ಯಯ್ಯೋ, ನನ್ ಕೌದಿ ಹಿಂದ್ಮುಂದಾಗದೆ!" ಮಾಯಮ್ಮ ಓಡಿದಳು.

"ಮುಟ್ಟಬೇಡಿ!" ಮೇಷ್ಟ್ರು ಅಡ್ಡ ನಿಂತರು. ಪಂಚೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಒಂದು ಗಂಟಿಲ್ಲ, ಒಂದು ಹೊಲಿಗೆ ತಪ್ಪಿಲ್ಲ. ಬಣ್ಣದ ಬಟ್ಟೆ ಇಲ್ಲದೆ ಬರೀ ದಾರದಲ್ಲೇ ನೀರು ಹರೀತಿದೆಯಲ್ಲ! ಮುಂಜಾನೆ ಮಂಜಿನಲ್ಲಿ ಹೊಳೆ ನೋಡಿದ ಹಾಗಿದೆ. ಇದನ್ನ ಹೀಗೆ ತಿರುಗಿಸಿ ಹಾಕಿದ್ದು ಯಾರು? ಅವರ ಕಣ್ಣು ದೊಡ್ಡದು. ಅವರಿಗೂ ಒಂದು ಗೌರವ ಆಗಲೇಬೇಕು."

ಯಶೋದಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಹೊಗಳಿಕೆಯಷ್ಟೂ ಮಾಯಮ್ಮನ ಪಾಲು. ಬಾಯಿಬಿಟ್ಟರೆ ಅರ್ಧ ತನ್ನದು. ಆದರೆ ಯಾಕೆ ತಿರುಗಿಸಿದೆ ಎಂದು ಕೇಳಿಬಿಟ್ಟರೆ? ಅಷ್ಟರಲ್ಲಿ ಲಲಿತಮ್ಮ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದು ಹೆಜ್ಜೆ ಮುಂದೆ ಇಟ್ಟಳು.

"ನಾನು ಸಾ! ನಾನೇ ತಿರುಗ್ಸಿದ್ದು!" ಯಶೋದಮ್ಮ ಕಿರುಚಿಯೇಬಿಟ್ಟಳು.

ಮಾಯಮ್ಮ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ನನ್ ಹೊಲ್ಗೆ ನಿಂಗೆ ಇಷ್ಟೊಂದ್ ಇಷ್ಟ್ವಾ ಅಕ್ಕ? ಒಂದಿನಾನೂ ಬಾಯ್ಬುಟ್ ಏಳ್ನಿಲ್ವಲ್ಲ!"

ಹೌದು ಎಂದು ತಲೆಯಾಡಿಸದೆ ಯಶೋದಮ್ಮನಿಗೆ ಗತಿಯಿರಲಿಲ್ಲ.

ಮೇಷ್ಟ್ರು ಅಲ್ಲೇ ಘೋಷಿಸಿದರು: "ಮಾಯಮ್ಮನವರೇ ಈ ವರ್ಷದ ಟೀಚರ್. ಅವರ ಕೈಕೆಲಸವನ್ನ ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಯಶೋದಮ್ಮನವರೇ ಮೊದಲನೇ ಶಿಷ್ಯೆ! ಎಲ್ಲರಿಗಿಂತ ಮುಂದೆ ಕೂರುವ ಗೌರವ ಅವರದು. ಇವತ್ತೇ ಶುರುವಾಗಲಿ."

ಚಪ್ಪಾಳೆ ಬಿತ್ತು. ಕುಳ್ಳಮ್ಮ ಚಾಪೆ ಹಾಸಿದಳು. ಮಾಯಮ್ಮ ಕುರ್ಚಿಯಲ್ಲಿ ಕೂತು, ಎದುರಿಗೆ ಕೆಳಗೆ ಕೂತವಳಿಗೆ ಸೂಜಿ ದಾರ ಕೊಟ್ಟು, "ಮೊದ್ಲು ಗಂಟಾಕೋದ್ ಕಲಿಯಾನ ಅಕ್ಕ" ಎಂದಳು.

"ಒಸಿ ನಗಿ ಅಮ್ಮ" ಎಂದ, ಯಶೋದಮ್ಮನ ಕಡೆ ಕ್ಯಾಮರಾ ಹಿಡಿದಿದ್ದ ಪೇಪರಿನವನು.