ಅಜ್ಜಿ ಪಾಸ್ ಮಾಡಿದ ಸಮುದಾಯ ಭವನ

ಒಂದು ಮನೆ ಕಟ್ಟುವವರು ಒಂದು ಕುಟುಂಬಕ್ಕೆ ಉತ್ತರ ಹೇಳಿದರೆ ಸಾಕು. ಸಮುದಾಯ ಭವನ ಕಟ್ಟಲು ಹೊರಟವರು ಮಾತ್ರ ಇಡೀ ಕಾಲೋನಿಯ ಕೈಗೆ ಸಿಕ್ಕಿ ವಾರಕ್ಕೊಮ್ಮೆಯಾದರೂ ನಗೆಪಾಟಲಾಗುತ್ತಾರೆ. ನಾನು ಚಾಮರಾಜನಗರದಲ್ಲಿ ಕಟ್ಟಡಗಳ ನಕ್ಷೆ ಮಾಡುವವಳು. ಗುಂಡ್ಲುಪೇಟೆಯ ಹೊರಗೆ, ಹಂಗಳದ ಕಡೆಯ ರಸ್ತೆಯಲ್ಲಿ, ಸರ್ಕಾರಿ ಯೋಜನೆಯ ಪುಟ್ಟ ಮನೆಗಳ ಕಾಲೋನಿಯೊಂದಿದೆ. ಕರೆಂಟು ಕಡಿಮೆ ಬೇಡುವ, ಮಳೆನೀರು ಹಿಡಿದಿಡುವ, ಬೇಸಿಗೆಯಲ್ಲೂ ತಣ್ಣಗಿರುವ ಭವನವೊಂದನ್ನು ಅಲ್ಲಿನವರಿಗೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಇಲ್ಲದ ಗೋಡೆ

ಕಾಗದದ ನಕ್ಷೆ ತೋರಿಸಿದರೆ ಎಲ್ಲರೂ "ಚೆನ್ನಾಗಿ ಅದ ಮೇಡಂ" ಎಂದು ತಲೆಯಾಡಿಸುತ್ತಾರೆ, ಒಬ್ಬರಿಗೂ ಅರ್ಥವಾಗಿರುವುದಿಲ್ಲ. ಅದಕ್ಕೇ ಖಾಲಿ ಜಾಗದಲ್ಲಿ ಸುಣ್ಣದ ಪುಡಿಯಿಂದ ಇಡೀ ಭವನವನ್ನು ಅಳತೆ ಪ್ರಕಾರ ನೆಲದ ಮೇಲೇ ಬರೆದೆ. "ಇದು ದೊಡ್ಡ ಹಾಲ್, ಇದು ಅಡುಗೆ ಮನೆ, ಇದು ಆಫೀಸು. ಒಳಗೆ ಓಡಾಡಿ ನೋಡಿ" ಎಂದೆ.

ಹೆಂಗಸರು ನೇರ ಅಡುಗೆ ಮನೆಗೆ ಹೋಗಿ ಕೂತು ಮಾತು ಶುರುವಿಟ್ಟುಕೊಂಡರು. ಅವರ ಮುಂದಾಳು ಕುದೇರಿನ ಕಡೆಯ ಒಬ್ಬ ಅಜ್ಜಿ; ಈಗಲೂ ಚೆಂಡು ಹೂವು ಬಿಡಿಸಲು ಕೂಲಿಗೆ ಹೋಗುವವಳು. ಅಷ್ಟರಲ್ಲಿ ಕಾಲೋನಿ ಸಂಘದ ಅಧ್ಯಕ್ಷರು, ನಿವೃತ್ತ ಬಸ್ ಕಂಡಕ್ಟರು, ಸುಣ್ಣದ ಗೆರೆ ದಾಟಿ ಒಳಗೆ ಕಾಲಿಟ್ಟರು.

"ಗೋಡೆ ಕಾಣಕಿಲ್ವೇನ್ಲಾ? ಬಾಗ್ಲಲ್ಲಿ ಬಾ!" ಎಂದು ಅಜ್ಜಿ ಗದರಿದಳು. ಅವಳ ವಯಸ್ಸಿಗೆ ಅಧ್ಯಕ್ಷರೂ 'ಲಾ'ನೇ.

ಅವರು ಬೆಚ್ಚಿ ಹಿಂದೆ ಸರಿದು, ಸುತ್ತು ಹಾಕಿ, ಬಾಗಿಲ ಜಾಗದಲ್ಲಿ ಚಪ್ಪಲಿ ಬಿಟ್ಟು, ಇಲ್ಲದ ಚೌಕಟ್ಟಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದರು. ಈ ಗಲಾಟೆಯಲ್ಲಿ ಹಸುವೊಂದು ನಡೆದು ಬಂದು ಆಫೀಸು ರೂಮಿನ ನಡುವೆ ನಿಂತುಕೊಂಡಿತು. ನಾನು ಓಡಿಸಲು ಹೋದೆ.

"ಇರ್ಲಿ ಬುಡವ್ವ," ಎಂದಳು ಅಜ್ಜಿ. "ಆಫೀಸು ಅಂದ್ಮೇಲೆ ಒಂದಾದ್ರೂ ಜೀವ ಇರ್ಬೇಕಲ್ಲ!"

ಒಗೆಯುವ ಕಲ್ಲು

ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯಿಂದ ಗೋಡೆ ಎಬ್ಬಿಸಬೇಕೆಂದಿದ್ದೆ. ಗೂಡಿನಲ್ಲಿ ಸುಡಬೇಕಿಲ್ಲ, ಸೌದೆ ಉಳಿಯುತ್ತದೆ. ಕಾಲೋನಿಯ ಸಭೆಯಲ್ಲಿ 'ಮಣ್ಣು' ಎಂಬ ಮಾತು ನನ್ನ ಬಾಯಿಂದ ಬಿದ್ದದ್ದೇ ಎಲ್ಲರೂ ಮುಖ ಸಿಂಡರಿಸಿದರು.

"ಮಳೇಲಿ ಮಣ್ಣಿನ ಗೋಡೆ ಬಿದ್ದೇ ಮೇಡಂ ನಾವು ಇಲ್ಲಿಗೆ ಬಂದದ್ದು" ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನನಗೆ ನಾಚಿಕೆಯಾಯಿತು. ಆದರೂ ಬಿಡದೆ ಮಣ್ಣಿನ ತಂಪಿನ ಬಗ್ಗೆ ಉದ್ದನೆಯ ಭಾಷಣ ಮಾಡಿದೆ.

ಅಜ್ಜಿ ಪೂರ್ತಿ ಕೇಳಿ, "ನಿಮ್ಮನೆ ಗೋಡೆ ಯಾತರದವ್ವ?" ಎಂದಳು.

"ಸಿಮೆಂಟಿಂದು ಅಜ್ಜಿ."

"ಅಂಗಾದ್ರ ಅದ್ಲುಬದ್ಲು ಮಾಡ್ಕಳನ. ನೀ ಬಂದು ಇಲ್ಲಿ ತಣ್ಣಗಿರು. ನಾವು ನಿಮ್ಮನೇಲಿ ಬೆವರ್ಕಂಡು ಇರ್ತೀವಿ."

ಸಭೆಯೆಲ್ಲ ನಕ್ಕಿತು. ನಾನು ಒಂದು ಇಟ್ಟಿಗೆಯನ್ನು ಅಜ್ಜಿಯ ಕೈಗೇ ಕೊಟ್ಟು, "ಏನು ಬೇಕಾದರೂ ಮಾಡಿ ನೋಡಿ" ಎಂದೆ. ಮೂರು ವಾರ ಬಿಟ್ಟು ಹೋದಾಗ ಅದು ಅವಳ ನಲ್ಲಿಯ ಕೆಳಗಿತ್ತು.

"ದಿನಾ ಇದ್ರ ಮ್ಯಾಲೆ ಬಟ್ಟೆ ಕುಕ್ತಾ ಇವ್ನಿ. ಕರಗ್ನಿಲ್ಲ. ಕಟ್ಬುಡವ್ವ."

"ಹಾಗಾದರೆ ಆ ಇಟ್ಟಿಗೆ ಕೊಡಿ, ಆಫೀಸಲ್ಲಿ ತೋರಿಸಬೇಕು."

"ಅದ್ಯಾಕ ಕೊಡ್ಲಿ? ಒಗಿಯಾಕ ಬ್ಯಾರೆ ಕಲ್ಲಿಲ್ಲ ಕಣವ್ವ."

ಮರದ ಪರ್ಮಿಷನ್

ಜಾಗದಲ್ಲಿ ಒಂದು ದೊಡ್ಡ ಹೊಂಗೆ ಮರವಿತ್ತು. ಅದನ್ನು ಕಡಿಯದೆ ನಕ್ಷೆಯಲ್ಲಿ ಒಂದು ಗೋಡೆಯನ್ನೇ ಮರದ ಸುತ್ತ ಬಾಗಿಸಿದ್ದೆ. ನಕ್ಷೆಗೆ ಸಹಿ ಹಾಕಿಸಲು ಅಜ್ಜಿಯನ್ನೂ ಕರೆದುಕೊಂಡು ಕಚೇರಿಯೊಂದಕ್ಕೆ ಹೋದೆ.

ಅಧಿಕಾರಿಗಳು ಕನ್ನಡಕ ಏರಿಸಿ, "ಗೋಡೆ ಯಾಕೆ ಸೊಟ್ಟಗಿದೆ?" ಎಂದರು.

"ಅಲ್ಲಿ ಮರ ಇದೆ ಸಾರ್."

"ಪರ್ಮಿಷನ್ ತಗೊಂಡಿದೀರಾ?"

"ನಾವು ಕಡಿಯುತ್ತಿಲ್ಲ ಸಾರ್."

"ಕಡಿಯೋಕಲ್ಲ. ಅದು ಅಲ್ಲಿರೋದಕ್ಕೆ."

ಅಜ್ಜಿ ಎದ್ದು ಕೈಮುಗಿದಳು. "ಸ್ವಾಮಿ, ಆ ಮರ ನಿಮ್ಗಿಂತ ಸೀನಿಯರ್ರು. ಒಂದ್ಸಲ ಬಂದು ಅದ್ನೇ ಕೇಳ್ಬುಡಿ."

ಹಿಂದಿನ ಮೇಜಿನ ಗುಮಾಸ್ತರು ಕೆಮ್ಮಿದಂತೆ ಮಾಡಿ ನಕ್ಕರು. ಸಹಿ ಬಿತ್ತು.

ಕಿಂಡಿ ಗೋಡೆ

ಭವನ ಮುಗಿಯುವ ಹೊತ್ತಿಗೆ ಹಾಲ್‌ನ ಒಂದು ಪಕ್ಕಕ್ಕೆ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟ ಗೋಡೆ ಕಟ್ಟಿಸಿದ್ದೆ. ಫ್ಯಾನಿಲ್ಲದೆಯೂ ಗಾಳಿಯಾಡುತ್ತಿತ್ತು. ನನಗೆ ಅದರ ಮೇಲೆ ಬಲು ಹೆಮ್ಮೆ.

ಆ ಹಾಲ್ ಹೊಲಿಗೆ ತರಬೇತಿಗೂ ಕೂಸುಗಳನ್ನು ನೋಡಿಕೊಳ್ಳಲಿಕ್ಕೂ ಬೇಕೆಂದು ಹೆಂಗಸರು ಮೊದಲಿಂದ ಕೇಳುತ್ತಿದ್ದರು. ಕೂಸನ್ನು ಬಿಡಲು ಜಾಗವಿಲ್ಲದೆ ಎಷ್ಟೋ ಜನ ಕೂಲಿ ತಪ್ಪಿಸುತ್ತಿದ್ದರು. ಉದ್ಘಾಟನೆಗೆ ಎರಡು ದಿನವಿರುವಾಗ ಸಂಘದ ಗಂಡಸರು ಅದೇ ಹಾಲ್‌ನ ಬಾಗಿಲು ಹಾಕಿಕೊಂಡು ಗುಟ್ಟಾಗಿ ಸಭೆ ಸೇರಿದರು. ನಾನೂ ಒಂದು ಮೂಲೆಯಲ್ಲಿದ್ದೆ.

ಅಧ್ಯಕ್ಷರು ದನಿ ತಗ್ಗಿಸಿದರು. "ಹೆಂಗಸ್ರಿಗೆ ಹೇಳ್ಬ್ಯಾಡಿ. ಎರಡು ಕೇರಂ ಬೋರ್ಡು, ಒಂದು ಟೀವಿ ತಂದು ಮಡಗ್ಬುಡನ. ಆಮೇಲೆ ಯಾರು ತೆಗೀತಾರೆ?"

ಎಲ್ಲರೂ ಒಪ್ಪಿ ತಲೆಯಾಡಿಸಿದರು. ಆಗ ಕಿಂಡಿಯೊಳಗಿಂದ ಅಜ್ಜಿಯ ದನಿ ಬಂತು.

"ಟೀವಿನ ಎಲ್ಲಿ ಮಡಗಿಯ್ಲಾ? ಹೊಲಿಗೆ ಮಿಷನ್ನು ಇಳಿಸ್ತಾವ್ರೆ, ಬಾಗ್ಲು ತಗಿ!"

ಕಿಂಡಿಯಲ್ಲಿ ಬಗ್ಗಿ ನೋಡಿದೆ. ಗೋಡೆಯಾಚೆಯ ನೆರಳಲ್ಲಿ ಹೂ ಕಟ್ಟುತ್ತ ಕಾಲೋನಿಯ ಹೆಂಗಸರೆಲ್ಲ ಸಾಲಾಗಿ ಕೂತಿದ್ದರು. ಅವರ ಹಿಂದೆ ಆಟೋದಿಂದ ಮಿಷನ್ನುಗಳು ಇಳಿಯುತ್ತಿದ್ದವು. ಬಾಗಿಲು ತೆಗೆಯದೆ ಗತಿಯಿರಲಿಲ್ಲ. ಕೊನೆಗೆ ಮಿಷನ್ನುಗಳನ್ನು ಒಳಗೆ ಹೊತ್ತು ತಂದವರೂ ಅದೇ ಗಂಡಸರು.

ಬೆವರೊರೆಸಿಕೊಳ್ಳುತ್ತ ಅಧ್ಯಕ್ಷರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಮೇಡಂ, ನಿಮ್ಮ ದಮ್ಮಯ್ಯ, ಆ ಕಿಂಡಿ ಮುಚ್ಚಿಸ್ಬುಡಿ."

"ಮುಚ್ಚಿದರೆ ಗಾಳಿ ಬರಲ್ಲ ಸಾರ್" ಎಂದೆ ನಾನು.

ನನ್ನ ಮಾತು ಮುಗಿಯುವ ಮೊದಲೇ ಗೋಡೆಯಾಚೆಯಿಂದ ಅಜ್ಜಿ ಕೂಗಿದಳು: "ಮುಚ್ಚಿಸ್ಬ್ಯಾಡ ಕಣವ್ವ! ಗಾಳಿಗಿಂತ ಸುದ್ದಿ ಚೆಂದಾಗಿ ಬತ್ತದ!"